ಮಹಿಳಾ ಟೆಂಡರ್ ಮತ್ತು ನನ್ನ ಒಂದೂವರೆ ಮೀಟರ್

ಕಡೂರು ಬಸ್ ಸ್ಟ್ಯಾಂಡ್ ಹಿಂದೆ ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ಇಟ್ಟುಕೊಂಡು ಊರವರ ಸರ್ಕಾರಿ ಟೆಂಡರ್ ಅರ್ಜಿ ತುಂಬಿಕೊಡುವವನು ನಾನು. ಹೆಂಗಸರ ಉದ್ದಿಮೆಗೆ ಅಂತ ಒಂದಷ್ಟು ಕೆಲಸ ಮೀಸಲಿಟ್ಟ ಮೇಲಂತೂ ನನ್ನ ಅಂಗಡಿಯಲ್ಲಿ ನಗುವಿಗೆ ಬರವಿಲ್ಲ. ನಕ್ಕಿದ್ದರಲ್ಲಿ ಅರ್ಧಕ್ಕೆ ಈಗ ನಾಚಿಕೆಯಾಗುತ್ತೆ.

೧. ಚರಂಡಿ ಮಾಡಿಸಿದವಳು

ನಮ್ಮ ಕಡೆ ಮಹಿಳಾ ಕಂಟ್ರಾಕ್ಟರ್ ಅಂದರೆ ಗಂಡ ಬೈಕಿನಲ್ಲಿ ಬರುತ್ತಾನೆ, ಹೆಂಡತಿಯ ಆಧಾರ್ ಕಾರ್ಡು ಅವನ ಜೇಬಿನಲ್ಲಿ ಬರುತ್ತೆ. ಪಂಚನಹಳ್ಳಿ ಕಡೆಯವರೊಬ್ಬರು ಹಾಗೇ ಬಂದರು. ಓಟಿಪಿ ಮನೆಯಲ್ಲಿದ್ದ ಹೆಂಡತಿಯ ಫೋನಿಗೆ ಹೋಯಿತು. ಇವರು ಸ್ಪೀಕರ್ ಹಾಕಿ, "ಲೇ, ಒಂದ್ ನಂಬರ್ ಬಂದೈತೆ, ಓದ್ ಹೇಳೇ" ಅಂದರು.

"ಯಾತುಕ್ಕೆ?"

"ನಿನ್ ಹೆಸ್ರಲ್ಲಿ ಟೆಂಡರ್ ಹಾಕ್ತಾ ಇವ್ನಿ. ನೀನೇ ಕಂಟ್ರಾಕ್ಟರು ಕಣೇ."

"ಯಾವಾಗಿಂದ?"

"ಮೂರ್ ವರ್ಸ ಆಯ್ತು."

ಆ ಕಡೆಯಿಂದ, "ನಮ್ಮನೆ ಮುಂದ್ಲ ಚರಂಡಿ ಮಾಡ್ಸಿದ್ದೂ ನಾನೇನಾ?"

"ಹೂಂ."

"ಅಯ್ಯೋ ನನ್ ಕರ್ಮವೇ! ಆ ಕಂಟ್ರಾಕ್ಟರ್ನ ದಿನಾ ಬೆಳಿಗ್ಗೆ ಎದ್ದು ಬೈತಿದ್ನಲ್ರೀ, ನನ್ನನ್ನೇ ಬೈಕೊಂಡಿದ್ದಾ!"

೨. ಬೆರಳು

ಹೀಗೆ ಗಂಡಂದಿರನ್ನೇ ನೋಡಿ ನೋಡಿ ಅಭ್ಯಾಸವಾಗಿದ್ದ ನನ್ನ ಅಂಗಡಿಗೆ ಒಂದು ದಿನ ಅಜ್ಜಂಪುರದ ಹೊಲಿಗೆ ಆಪಾ, ಅಂದರೆ ಊರಿಗೆಲ್ಲ ಹೊಲಿಗೆ ಅಕ್ಕ, ಬಂದರು. ಮನೆ ಪಕ್ಕದ ಶೀಟಿನ ಶೆಡ್ಡಿನಲ್ಲಿ ಆರು ಮೆಷಿನ್ನು, ಆರು ಜನ ಹೆಂಗಸರು. ಹಾಸ್ಟೆಲ್ ಹುಡುಗಿಯರ ಸಮವಸ್ತ್ರದ ಟೆಂಡರನ್ನು ಯಾರೋ ಹಿಡಿಯುತ್ತಿದ್ದರು, ಹೊಲಿಯುತ್ತಿದ್ದವರು ಮಾತ್ರ ಇವರೇ. ಈ ಸಲ ಟೆಂಡರನ್ನು ತಾವೇ ಹಾಕಬೇಕು ಅಂತ ಬಂದಿದ್ದರು. ಸಿಕ್ಕದಿದ್ದರೆ ಇಬ್ಬರನ್ನು ಕೆಲಸದಿಂದ ಬಿಡಿಸಬೇಕಾಗುತ್ತೆ ಅಂತಲೂ ಹೇಳಿದರು.

"ಯಜಮಾನ್ರು ಬರಲ್ವಾ?" ಅಂತ ಬಾಯಿತಪ್ಪಿ ಕೇಳಿದೆ.

"ಅವ್ರು ಲಾರಿ ಓಡಿಸ್ತಾರೆ ಅಣ್ಣಾ. ಸೂಜಿಗೆ ದಾರ ಪೋಣ್ಸಕ್ಕೂ ಬರಲ್ಲ."

ಬೆರಳಚ್ಚು ಕೊಡಿ ಅಂದೆ. ಹತ್ತು ಬೆರಳನ್ನೂ ಒತ್ತಿಸಿದ್ದಾಯಿತು, ಮೆಷಿನ್ ಒಪ್ಪಲಿಲ್ಲ. ಸೂಜಿ ಚುಚ್ಚಿ, ಬಟ್ಟೆ ಉಜ್ಜಿ ರೇಖೆಗಳೇ ಸವೆದಿದ್ದವು. ನಾನು ದೊಡ್ಡ ಡಾಕ್ಟರನಂತೆ, "ಒಂದ್ ವಾರ ಹೊಲಿಗೆ ಕೆಲಸ ಬಿಡಿ ಆಪಾ, ಸರಿ ಹೋಗುತ್ತೆ" ಅಂದೆ.

"ಅಣ್ಣಾ, ನಾನ್ ಬಂದಿರೋದು ಹೊಲಿಗೆ ಕೆಲಸ ಬೇಕು ಅಂತ" ಅಂದರು.

ಕೊನೆಗೆ ಹನ್ನೊಂದನೇ ಸಲ ಎಡಗೈ ಕಿರುಬೆರಳು ಕಾಪಾಡಿತು. ಅರ್ಜಿ ಹೋಯಿತು.

೩. ಕುರ್ಚಿ

ಮಾದರಿ ಬಟ್ಟೆ ತೋರಿಸಲು ತರೀಕೆರೆಯ ಒಂದು ಕಚೇರಿಗೆ ಕರೆದರು. ಕಂಪ್ಯೂಟರಿನಲ್ಲಿ ಏನಾದರೂ ಕೇಳಿದರೆ ಇರಲಿ ಅಂತ ಆಪಾ ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿನ ಸಾಹೇಬರಿಗೂ ನನ್ನ ಹಾಗೇ ಗಂಡಂದಿರನ್ನು ನೋಡಿ ಅಭ್ಯಾಸ. ನನ್ನನ್ನು ಕಂಡೊಡನೆ, "ಬನ್ನಿ ಸಾರ್, ಕೂತ್ಕಳಿ" ಅಂತ ಇದ್ದ ಒಂದೇ ಕುರ್ಚಿ ಕೊಟ್ಟರು. ಆಪಾ ಬಟ್ಟೆಗಂಟು ಹಿಡಿದು ನಿಂತೇ ಇದ್ದರು. ಟೀ ಬಂತು, ನನಗೆ.

"ಒಂಬತ್ತನೇ ಕ್ಲಾಸಿನ ಹುಡುಗಿ ಚೂಡಿದಾರ್ ಸೆಟ್ಟಿಗೆ ಬಟ್ಟೆ ಎಷ್ಟ್ ಬೇಕು?" ಅಂತ ಸಾಹೇಬರು ನನ್ನನ್ನೇ ಕೇಳಿದರು.

ಆಪಾ, "ಸಾರ್, ನಾನ್ ಹೇಳ್ತೀನಿ" ಅಂದರು.

"ಇರಮ್ಮಾ, ಮಾಲೀಕ್ರು ಮಾತಾಡ್ಲಿ."

ನಾನು ಮಾಲೀಕನಲ್ಲ ಸಾರ್, ಇವರೇ ಅಂತ ಆಗ ಹೇಳಬೇಕಿತ್ತು. ಎರಡು ಮಾತು, ಅಷ್ಟೇ. ಆದರೆ ಸರ್ಕಾರಿ ಕಚೇರಿಯಲ್ಲಿ ಜೀವಮಾನದಲ್ಲಿ ಮೊದಲ ಸಲ ಕುರ್ಚಿ ಸಿಕ್ಕಿತ್ತು, "ಸಾರ್" ಅನ್ನಿಸಿಕೊಂಡಿದ್ದೆ. ಎದ್ದೇಳಲು ಮನಸ್ಸು ಬರಲಿಲ್ಲ. ಟೀ ಒಂದು ಗುಟುಕು ಕುಡಿದು ಗತ್ತಿನಿಂದ, "ಒಂದೂವರೆ ಮೀಟರ್ ಸಾಕು ಸಾರ್" ಅಂದೆ. ಹಿಂದಿನಿಂದ ಆಪಾ ನನ್ನ ಅಂಗಿ ಜಗ್ಗಿದರು. ನಾನು ಅದನ್ನು ಹೊಗಳಿಕೆ ಅಂದುಕೊಂಡೆ.

"ಟಾಪು, ಪ್ಯಾಂಟು, ವೇಲು, ಎಲ್ಲಾ ಸೇರಿ?"

"ಮಿಕ್ಕುತ್ತೆ ಸಾರ್!"

ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಏನಪ್ಪಾ, ನೀವು ಹೊಲಿಯೋದು ಹುಡುಗೀರಿಗೋ, ಗೊಂಬೆಗೋ?"

ಆಪಾ ತಂದ ಗಂಟನ್ನು ಯಾರೂ ಬಿಚ್ಚಿಸಲೇ ಇಲ್ಲ.

೪. ಷರಾ

ಅರ್ಜಿ ತಿರಸ್ಕೃತವಾಯಿತು. ಕಾರಣ ಅಂತ ಬರೆದಿದ್ದರು: "ಮಾಲೀಕರಿಗೆ ಹೊಲಿಗೆಯ ತಿಳಿವಳಿಕೆ ಇಲ್ಲ." ಅದನ್ನು ಪ್ರಿಂಟ್ ತೆಗೆದುಕೊಂಡೆ. ಇಪ್ಪತ್ತು ವರ್ಷ ಹೊಲಿದವರ ಬಗ್ಗೆ ಬರೆದ ಮಾತು ಅದು, ಬರೆಸಿದವನು ನಾನು. ಫೋನಿನಲ್ಲಿ ಹೇಳುವ ಧೈರ್ಯವಾಗದೆ ಬಸ್ಸು ಹತ್ತಿ ಅಜ್ಜಂಪುರಕ್ಕೇ ಹೋದೆ.

ಆಪಾ ಎರಡು ಸಲ ಓದಿಕೊಂಡರು. ಶೆಡ್ಡಿನಲ್ಲಿ ಆಗಲೇ ಎರಡು ಮೆಷಿನ್ನಿಗೆ ಬಟ್ಟೆ ಮುಚ್ಚಿತ್ತು. ಕಚೇರಿಯಲ್ಲಿ ನಡೆದದ್ದು ಕೇಳಿ, ಇನ್ನು ಟೆಂಡರ್ ಸಿಗಲ್ಲ ಅಂತ ಆ ಇಬ್ಬರು ಹೆಂಗಸರು ಹಿಂದಿನ ವಾರವೇ ಕೂಲಿಗೆ ಹೋಗಿದ್ದರು.

"ಬಯ್ದುಬಿಡಿ ಆಪಾ" ಅಂದೆ.

"ಬಯ್ದು ಏನ್ ಮಾಡ್ಲಿ ಅಣ್ಣಾ? ಬರ್ದಿರೋದು ನಿಜಾನೇ ಅಲ್ವಾ? ನಿಮ್ಗೆ ಹೊಲಿಗೆ ಎಲ್ ಬರುತ್ತೆ?" ಅಂದರು. ಉಳಿದ ನಾಲ್ವರೂ ನಕ್ಕರು. ನಾನೂ ನಗಲು ಬಾಯಿ ತೆರೆದೆ, ಬರಲಿಲ್ಲ.

"ಮುಂದಿನ್ ವರ್ಷ ಮತ್ತೆ ಕರೀತಾರಾ?"

"ಕರೀತಾರೆ ಆಪಾ. ಆಗ ನೀವೊಬ್ರೇ ಹೋಗಿ. ನಾನು ಗೇಟಿನ ಹತ್ರಾನೂ ಬರಲ್ಲ."

"ಒಬ್ಳೇ ಹೋದ್ರೆ, ಮಾಲೀಕ್ರನ್ನ ಕರ್ಕಂಬಾ ಅಂತ ವಾಪಸ್ ಕಳಿಸ್ತಾರೆ" ಅಂದು, ಬಟ್ಟೆ ಮುಚ್ಚಿದ್ದ ಒಂದು ಮೆಷಿನ್ ತೆರೆದು ಸ್ಟೂಲು ಎಳೆದರು. ತಮ್ಮ ಕೊರಳಲ್ಲಿದ್ದ ಅಳತೆ ಟೇಪು ತೆಗೆದು ನನ್ನ ಕೊರಳಿಗೆ ಹಾಕಿದರು.

"ಕೂತ್ಕಳಿ ಅಣ್ಣಾ. ಅವ್ರು ಕೇಳೋದು ನಿಮ್ಮನ್ನೇ. ಇನ್ನೊಂದ್ ವರ್ಷ ಟೈಮ್ ಐತೆ, ನೀವೇ ಕಲೀರಿ."