ಮೂರು ಇಟ್ಟಂಗಿ, ಒಂದು ಹಗ್ಗ

ಅನುಮಾನ ನನ್ನ ಹುಟ್ಟುಗುಣ. ಅಂಗಡಿಯವನು ನಗುತ್ತಾ ತೂಗಿದರೆ ತಕ್ಕಡಿ ನೋಡುತ್ತೇನೆ. ನಗದೆ ತೂಗಿದರೆ ಇನ್ನೊಮ್ಮೆ ನೋಡುತ್ತೇನೆ. ಅಂಥವನಿಗೆ ಸಿಂಧನೂರಿನ ಬಾಡಿಗೆ ಮನೆಯಲ್ಲಿ, ಪಕ್ಕದ ಮೌನೇಶಪ್ಪನವರ ಜೊತೆ ಮಾಳಿಗೆ ಹಂಚಿಕೊಳ್ಳುವ ಗ್ರಹಚಾರ ಬಂತು.

ಬೇಸಿಗೆಯಲ್ಲಿ ಎರಡೂ ಮನೆಯವರು ವರ್ಷದ ಖಾರಪುಡಿಗೆ ಮೆಣಸಿನಕಾಯಿ ಒಣಗಿಸಬೇಕು. ಬೂಸು ಹಿಡಿದರೆ ವರ್ಷವಿಡೀ ಸಪ್ಪೆ ಊಟ, ಜೊತೆಗೆ ವರ್ಷವಿಡೀ ನನ್ನ ಹೆಂಡತಿ ಅನಸೂಯಾಳ ಖಾರದ ಮಾತು. ಜಗಳವೇ ಬೇಡವೆಂದು ನಾನೇ ಕಾನೂನು ಮಾಡಿದೆ: ಇಬ್ಬರಿಗೂ ಮೂವತ್ತಾರು ಮೊಳದ ಹಗ್ಗ, ಮಾಳಿಗೆಯಲ್ಲಿದ್ದ ಆರು ಇಟ್ಟಂಗಿಗಳಲ್ಲಿ ತಲಾ ಮೂರು. ಇಟ್ಟಂಗಿ ಇಟ್ಟು ಸುತ್ತ ಹಗ್ಗ ಎಳೆದರೆ ಒಳಗಿನ ಜಾಗ ಅವರವರದು.

ಬಿಸಿಲು ಬೀಳುವ ಗೋಡೆಯಗುಂಟ ಎಲ್ಲವೂ ನಮಗೇ ಇರಲೆಂದು ಮೊದಲು ಒಂದು ಬದಿಯನ್ನು ಹದಿನೆಂಟು ಮೊಳ ಎಳೆದೆ. ಉಳಿದೆರಡು ಬದಿಗಳು ಅದರ ಮೇಲೆಯೇ ಮಲಗಿಬಿಟ್ಟವು. ಒಂದು ಕಾಯಿಗೂ ಜಾಗವಿಲ್ಲ. ಸ್ವಲ್ಪ ಉದಾರನಾಗಿ ಹದಿನೇಳು, ಹದಿನೇಳು, ಎರಡು ಎಂದು ಮಾಡಿದೆ. ಮೌನೇಶಪ್ಪನವರು ಮೂಲೆಯಲ್ಲಿ ಹನ್ನೆರಡು ಮೊಳಕ್ಕೊಂದು ಇಟ್ಟಂಗಿ ಇಟ್ಟರು. ಪಾಪ, ಗೋಡೆ ಕಳೆದುಕೊಂಡರಲ್ಲ ಎಂದು ನನಗೆ ಒಳಗೊಳಗೇ ಖುಷಿ.

ನಾಲ್ಕು ದಿನಕ್ಕೆ ಅವರ ಕಾಯಿ ಗಲಗಲ ಎನ್ನತೊಡಗಿದವು. ನಮ್ಮವು ಒಂದರ ಮೇಲೊಂದು ಬಿದ್ದು ಮೆತ್ತಗೇ ಇದ್ದವು. ಹಗ್ಗದಲ್ಲೇ ಏನೋ ಮೋಸವಿದೆ! ಬೆಳಗ್ಗೆ ಅವರು ಏಳುವ ಮೊದಲೇ ಹೋಗಿ ಅಳೆದೆ. ಮೂವತ್ತಾರೇ. ನೈಲಾನು, ಹಿಗ್ಗಿರಬಹುದು ಎಂದುಕೊಂಡು ಹಗ್ಗ ಅದಲುಬದಲು ಮಾಡೋಣವೇ ಎಂದು ಕೇಳಿದೆ.

“ತಗೋರಿ ಸರ್. ನಾ ಮೆಣಸಿನಕಾಯಿ ಒಣಗಸಾಕತ್ತೀನಿ, ಹಗ್ಗ ಅಲ್ಲ,” ಎಂದರು.

ಇಷ್ಟು ಸುಲಭವಾಗಿ ಕೊಟ್ಟದ್ದು ನೋಡಿ ಅನುಮಾನ ಇನ್ನೂ ಬಲವಾಯಿತು.

ಅಷ್ಟರಲ್ಲಿ ಅನಸೂಯಾ ಮೇಲೆ ಬಂದು ಕಾಯಿಯೊಳಗೆ ಕೈ ಹಾಕಿದಳು. “ತಳದಾಗ ಬೂಸು ಹಿಡಿಯಾಕತ್ತೈತಿ! ಹಗ್ಗ ಹಿಡ್ಕೊಂಡು ಏನ್ ಮಾಡಾಕತ್ತೀರಿ? ಇಟ್ಟಂಗಿ ಸರಸ್ರಿ!” ಎನ್ನುತ್ತ ಕಾಲಿನಿಂದಲೇ ಇಟ್ಟಂಗಿ ತಳ್ಳಿ ಮೂರೂ ಬದಿ ಸಮ ಮಾಡಿದಳು. ಅದೇ ಹಗ್ಗ, ಜಾಗ ಮಾತ್ರ ಮೂರು ಪಟ್ಟಿಗೂ ಮೀರಿ. ಕಾಯಿ ಒಂದೇ ಪದರವಾಗಿ ಹರಡಿ, ಮೂರನೇ ದಿನ ಸಂಜೆಗೆ ಸದ್ದು ಮಾಡತೊಡಗಿದವು. ಖಾರ ಉಳಿಯಿತು.

ಮರುದಿನ ಬೆಳಗ್ಗೆ ನಾನು ಮಾಳಿಗೆಯಲ್ಲಿ ಕೂತು ನಮ್ಮ ಹಗ್ಗವನ್ನೇ ಮೊಳ ಹಾಕುತ್ತಿದ್ದೆ. ಮೌನೇಶಪ್ಪನವರು ಮೆಟ್ಟಿಲಲ್ಲೇ ನಿಂತರು.

“ಇವತ್ತ ಅನುಮಾನ ಯಾರ ಮ್ಯಾಲರೀ ಸರ್?”

“ಮನಿಯಾಕಿ ಮ್ಯಾಲ,” ಎಂದೆ ಮೆಲ್ಲಗೆ. ಮತ್ತೆ ಮೂವತ್ತಾರೇ ಬಂತು. ಈಗ ಉಳಿದಿರುವುದು ನನ್ನ ಮೊಳಕೈ ಒಂದೇ.