ಹೆದರಿದವರಿಂದ ರಕ್ತ ತೆಗೆಯುವ ಕೆಲಸ

ಮೈಸೂರಿನ ಒಂದು ಕಿಡ್ನಿ ಆಸ್ಪತ್ರೆಯಲ್ಲಿ ನಾನು ಸಂಶೋಧನಾ ಸಹಾಯಕಿ. ಇಲ್ಲಿಗೆ ಬರುವವರೆಲ್ಲ ಹೆದರಿಕೊಂಡೇ ಬರುತ್ತಾರೆ. ಹೆದರಿದವರು ನಾಲ್ಕು ಜನ ಸೇರಿದ ಕಡೆ ಏನಾದರೊಂದು ನಡೆದೇ ನಡೆಯುತ್ತದೆ. ನಗಬಾರದ ಜಾಗದಲ್ಲಿ ನಗು ಬಂದಾಗ ನಾನು ಫೈಲಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತೇನೆ.

ನಮ್ಮ ಕೆಲಸ ಇಷ್ಟೇ: ರಕ್ತನಾಳಗಳನ್ನು ಬಿಗಿಯುವ ಎಂಡೋಥೆಲಿನ್ ಎಂಬ ಪುಟ್ಟ ಪೆಪ್ಟೈಡ್, ಅಂದರೆ ಪ್ರೋಟೀನಿನಂಥ ತುಣುಕು, ಕಿಡ್ನಿ ಕೆಟ್ಟವರ ರಕ್ತದಲ್ಲಿ ಎಷ್ಟಿರುತ್ತದೆ, ಕಸಿ ಆದ ಮೇಲೆ ಎಷ್ಟಾಗುತ್ತದೆ ಎಂದು ನೋಡುವುದು.

ಒಪ್ಪಿಗೆ ಪತ್ರ

ಬೋಗಾದಿಯಲ್ಲಿ ಹಿಟ್ಟಿನ ಮಿಲ್ಲು ನಡೆಸುವ ಯಜಮಾನರೊಬ್ಬರಿಗೆ ಮುಂದಿನ ವಾರ ಆಪರೇಷನ್. ಕಿಡ್ನಿ ಕೊಡುವವರು ಅವರ ಹೆಂಡತಿಯೇ. ಅದು ಅವರ ಮೈಗೆ ಒಗ್ಗುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿ ಇಬ್ಬರೂ ಊಟ ಬಿಟ್ಟಿದ್ದರು. ರಕ್ತ ತೆಗೆಯುವ ಮೊದಲು ನಾನು ಒಪ್ಪಿಗೆ ಪತ್ರವನ್ನು ಗಟ್ಟಿಯಾಗಿ ಓದಿ ಹೇಳಬೇಕು. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ; ಕನ್ನಡದ ಉದ್ದ ಪದ ಕಂಡರೆ ನನ್ನ ನಾಲಿಗೆ ತೊಡರುತ್ತದೆ. "ಸಂಭ... ಸಂಭವನೀ..." ಎಂದು ತಡವರಿಸುತ್ತಿದ್ದೆ. ಯಜಮಾನರ ಮುಖ ಬಿಳಿಚಿಕೊಂಡಿತು.

"ಮುಚ್ಚುಮರೆ ಬ್ಯಾಡ ಕಣಮ್ಮ. ಇಷ್ಟು ತಡೀತಾ ಇದೀಯ ಅಂದ್ರೆ ಮುಂದೆ ಏನೋ ಕೆಟ್ಟದ್ದು ಬರ್ದವ್ರೆ."

ಅವರೇ ಪತ್ರ ಕಿತ್ತುಕೊಂಡು ಪಟಪಟ ಓದಿ ಮುಗಿಸಿದರು. ಆಮೇಲೆ ನನ್ನನ್ನೇ ಕೇಳಿದರು: "ಅರ್ಥ ಆಯ್ತೇನಮ್ಮ?"

ಆರೋಗ್ಯವಂತರು

ಹೋಲಿಸಿ ನೋಡಲು ರೋಗವಿಲ್ಲದವರ ರಕ್ತವೂ ಬೇಕು. ಯಾರೂ ಸಿಗದ ದಿನ ಹಿರಿಯ ಸಿಸ್ಟರ್ ನನ್ನನ್ನೇ ಹಿಡಿದು ಮಲಗಿಸಿದರು. ಅರ್ಧ ಗಂಟೆ ಅಲ್ಲಾಡದೆ, ಗಾಬರಿಯಾಗದೆ ಮಲಗಿರಬೇಕು ಎಂಬುದು ನಿಯಮ. ದಿನವೂ ನಾನೇ ಎಲ್ಲರಿಗೂ ಹೇಳುವ ಮಾತು. ಪಕ್ಕದ ಮಂಚದಲ್ಲಿ ಅದೇ ಯಜಮಾನರು ತಮ್ಮ ಸರದಿಗೆ ಮಲಗಿದ್ದರು. ಸೂಜಿಯ ಟ್ರೇ ಸದ್ದಾದ ಕೂಡಲೇ ನನ್ನ ಎದೆ ಡವಡವ ಎಂದಿತು. ಸಿಸ್ಟರ್ ಬಿಪಿ ನೋಡಿದರು, ಮತ್ತೊಮ್ಮೆ ನೋಡಿದರು.

"ಪುಟ್ಟಿ, ಅವರದಕ್ಕಿಂತ ನಿಂದೇ ಜಾಸ್ತಿ ಇದೆಯಲ್ಲೇ!"

ಯಜಮಾನರು ಎದ್ದು ಕೂತೇಬಿಟ್ಟರು. "ಸಿಸ್ಟರೇ, ಮೊದ್ಲು ಆ ಮಗೀನ ನೋಡಿ. ನಂದು ಮುಂದಿನ ವಾರ ಆದ್ರೂ ಆಯ್ತದೆ."

ಎಷ್ಟು ಬಂತು?

ಆಪರೇಷನ್ ಆಯಿತು. ಆದರೆ ಎರಡು ದಿನ ಕಳೆದರೂ ಹೊಸ ಕಿಡ್ನಿಯಿಂದ ಮೂತ್ರ ಸರಿಯಾಗಿ ಇಳಿಯಲಿಲ್ಲ. ಡಾಕ್ಟರು "ಕಾಯೋಣ" ಎನ್ನುತ್ತಿದ್ದರು. ನಾನು ಯಜಮಾನರ ರಕ್ತದ ಟ್ಯೂಬನ್ನು ಐಸಿನಲ್ಲಿಟ್ಟುಕೊಂಡು ಹೆಂಗಸರ ವಾರ್ಡಿನ ಮುಂದೆ ಹಾಯಬೇಕಿತ್ತು. ಕಿಡ್ನಿ ಕೊಟ್ಟ ಅವರ ಹೆಂಡತಿ, ಆ ತಾಯಿ, ಹೊಲಿಗೆಯ ನೋವಿನಲ್ಲೂ ಅಲ್ಲಿ ಬಾಗಿಲ ಕಡೆಗೇ ಕಣ್ಣಿಟ್ಟು ಮಲಗಿರುತ್ತಿದ್ದರು.

"ಆ ರಕ್ತದಲ್ಲಿ ಎಷ್ಟು ಬಂತು ಕಣವ್ವ?"

ನಮ್ಮ ಪರೀಕ್ಷೆ ಚಿಕಿತ್ಸೆಗಲ್ಲ, ಅಧ್ಯಯನಕ್ಕೆ. ಎಲ್ಲರ ರಕ್ತವೂ ಫ್ರೀಜರಿನಲ್ಲಿ ಸೇರಿ ತಿಂಗಳುಗಟ್ಟಲೆ ಆದ ಮೇಲೆ ಒಟ್ಟಿಗೇ ಲೆಕ್ಕ. ಇದನ್ನೆಲ್ಲ ಹೇಳಲು ಬಾಯಿ ಬರದೆ ಮೊದಲ ದಿನ ತಲೆ ತಗ್ಗಿಸಿಕೊಂಡು ಹೋಗಿಬಿಟ್ಟೆ. ಆಮೇಲೆ ಸಿಸ್ಟರ್ ಬೈದರು: "ನಿನ್ನ ಮೋರೆ ನೋಡಿ ಆಯಮ್ಮ ಇಡೀ ದಿನ ಅತ್ತಿದ್ದಾರೆ. ನಾಳೆ ನಗ್ತಾ ಹೋಗು."

ಮರುದಿನ ಕನ್ನಡಿ ಮುಂದೆ ಅಭ್ಯಾಸ ಮಾಡಿ, ಹಲ್ಲೆಲ್ಲ ಕಾಣುವ ಹಾಗೆ ನಗುತ್ತಾ ಹೋದೆ. ಆ ತಾಯಿ ನನ್ನನ್ನು ನೋಡಿದ್ದೇ ಸೆರಗು ಬಾಯಿಗೆ ತುರುಕಿಕೊಂಡರು.

"ಅಯ್ಯೋ, ಯಾವತ್ತೂ ನಗದೇ ಇರೋ ಮಗ ನಗ್ತಾ ಅವ್ಳೆ. ಎಲ್ಲಾ ಮುಗ್ದೋಯ್ತು ಅಂತ ಕಾಣ್ತದೆ ಸಿಸ್ಟರೇ!"

ಗಾಜಿನಾಚೆ

ಮೂರನೆಯ ದಿನ ಮಧ್ಯಾಹ್ನ ಮೂತ್ರ ಧಾರಾಳವಾಗಿ ಇಳಿಯತೊಡಗಿತು. ಸಿಸ್ಟರ್ ಸುದ್ದಿ ಹೇಳಿದರೂ ಆ ತಾಯಿ ನಂಬಲಿಲ್ಲ. "ಕಣ್ಣಲ್ಲಿ ನೋಡ್ಬೇಕು" ಎಂದು ಹಟ ಹಿಡಿದರು. ಹೊಟ್ಟೆ ಹಿಡಿದುಕೊಂಡು, ನನ್ನ ಭುಜಕ್ಕೆ ಒರಗಿ, ಹೆಜ್ಜೆಗೊಮ್ಮೆ ನಿಂತು, ಕಸಿಯಾದವರ ಕೋಣೆಯ ಗಾಜಿನ ತನಕ ಬಂದರು.

ಒಳಗೆ ಯಜಮಾನರು ಎದ್ದು ಕೂತು ಒಂದು ಲೀಟರ್ ಬಾಟಲಿಯನ್ನು ಎತ್ತಿ ಗಟಗಟನೆ ನೀರು ಕುಡಿಯುತ್ತಿದ್ದರು.

ಡಯಾಲಿಸಿಸ್ ನಡೆದ ಮೂರು ವರ್ಷವೂ ಆ ಮನೆಯಲ್ಲಿ ನೀರು ಅಳೆದು ಕೊಟ್ಟವರು ಈಕೆ. ಬೆಳಿಗ್ಗೆಯಿಂದ ಸಂಜೆವರೆಗೆ ನಾಲ್ಕು ಸಣ್ಣ ಲೋಟ, ಅಷ್ಟೇ. ಒಂದು ಗುಟುಕು ಹೆಚ್ಚಾದರೂ ಉಸಿರು ಕಟ್ಟುತ್ತದೆ ಎಂದು ಡಾಕ್ಟರು ಹೆದರಿಸಿದ್ದರು. ಆ ಹೆದರಿಕೆ ಈಗ ಹೊಲಿಗೆಯನ್ನೂ ಮರೆಸಿತು. ಎರಡೂ ಕೈಯಲ್ಲಿ ಗಾಜು ಬಡಿದರು.

"ಏನ್ರೀ! ಇಡ್ರೀ ಕೆಳಗೆ!"

ಯಜಮಾನರು ಬೆಚ್ಚಿಬಿದ್ದು ಬಾಟಲಿಯನ್ನು ಹೊದಿಕೆಯೊಳಗೆ ಬಚ್ಚಿಟ್ಟರು. ಬಾಯಿ ಒರೆಸಿಕೊಂಡು ಸುಮ್ಮನೆ ಸೂರು ನೋಡತೊಡಗಿದರು. ಮುಚ್ಚಳವಿಲ್ಲದ ಬಾಟಲಿ, ಹಾಸಿಗೆಯೆಲ್ಲ ನೀರು.

ಸಿಸ್ಟರ್ ಓಡಿ ಬಂದರು. "ಬಿಡಿ ತಾಯಿ, ಈಗ ಅವರು ಕುಡೀಲೇಬೇಕು. ಕುಡಿದಷ್ಟೂ ಒಳ್ಳೇದು. ನೀವು ಕೊಟ್ಟಿದ್ದು ಚೆನ್ನಾಗಿ ಕೆಲಸ ಮಾಡ್ತಾ ಇದೆ."

ಆ ತಾಯಿ ಗಾಜಿಗೆ ಹಣೆ ಒತ್ತಿ ಸ್ವಲ್ಪ ಹೊತ್ತು ಬಿಕ್ಕಿದರು. ನಾನೂ ಫೈಲು ಎತ್ತಿ ಮುಖ ಮುಚ್ಚಿಕೊಂಡೆ. ಆಮೇಲೆ ಅವರು ಕಣ್ಣೊರೆಸಿಕೊಂಡು, ಒಳಗೆ ಕೇಳಿಸುವ ಹಾಗೆ ಕೂಗಿದರು:

"ಕುಡೀರಿ, ಬ್ಯಾಡ ಅನ್ನಲ್ಲ! ಆದ್ರೆ ಅದು ನನ್ನ ಕಿಡ್ನಿ ಕಣ್ರೀ, ಬಂದ ಮೂರೇ ದಿನಕ್ಕೆ ಹಿಂಗೆಲ್ಲ ದುಡಿಸ್ಕೋಬ್ಯಾಡಿ!"