ಹನ್ನೊಂದು ಬದನೆಕಾಯಿಗಳ ಚಿಕಿತ್ಸೆ

ಬೆಳಗಿನಿಂದ ಎಮ್ಮೆ ಹಿಂಡಿದೆ, ಜೋಳ ಬೀಸಿದೆ, ಬಟ್ಟೆ ಒಣಹಾಕಿದೆ, ಹನ್ನೊಂದು ಬದನೆಕಾಯಿಗಳಿಗೆ ಇಂಜೆಕ್ಷನ್ ಕೊಟ್ಟೆ. ನಗಬೇಡಿ! ನನ್ನ ಸೋದರಮಾವ ಕಾಲಿಟ್ಟ ಮನೆಯಲ್ಲಿ ಬದನೆಕಾಯಿಗೂ ಕಾಯಿಲೆ ತಪ್ಪಿದ್ದಲ್ಲ.

ಮಾವ ಪಲ್ಟನ್ನಿನ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವನು, ಈಗ ಜೇವರ್ಗಿಯಲ್ಲಿದ್ದಾನೆ. ನಮ್ಮ ಒಂಬತ್ತು ವರ್ಷದ ಮಗಳು ಕೊಡಗಟ್ಟಲೆ ನೀರು ಕುಡಿದೂ ಕಡ್ಡಿಯಂತಾದಾಗ ಸೊಲ್ಲಾಪುರದ ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಬೇಕು, ತಪ್ಪಿದರೆ ಮಗು ಉಳಿಯುವುದಿಲ್ಲ. ನಮ್ಮ ನರೋಣಾದಲ್ಲಿ ಚುಚ್ಚಬಲ್ಲವರು ಯಾರಿದ್ದಾರೆ? ಸುದ್ದಿ ಕೇಳಿ ಮಾವ ಟ್ರಂಕಿನ ಸಮೇತ ಬಂದಿಳಿದ. ಸೊಲ್ಲಾಪುರಕ್ಕೆ ಹೋಗಿ, ಗಡಿಯ ಹಿರೋಳ್ಳಿ ಸುಂಕದ ನಾಕಾದಲ್ಲಿ ವಾದಿಸಿ ದಾಟಿಸಿ ತಂದ ಔಷಧದ ಸೀಸೆಗಳನ್ನು ಒದ್ದೆ ಮರಳಿನ ಗಡಿಗೆಯಲ್ಲಿ ತಣ್ಣಗೆ ಕೂರಿಸಿದ. ಇಷ್ಟು ದಿನ ತಾನೇ ಚುಚ್ಚಿದ, ನಾಳೆ ಹೊರಡುತ್ತಾನೆ. ಅಷ್ಟರೊಳಗೆ ನಾವು ಕಲಿಯಲೇಬೇಕು.

ಮೊದಲ ಪಾಠ ಬಣ್ಣದ್ದು. ನೀಲಿ ದ್ರಾವಣಕ್ಕೆ ಮಗಳ ಮೂತ್ರದ ಹನಿ ಹಾಕಿ ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಕ್ಷೇಮ, ಕೆಂಪಾದರೆ ಸಕ್ಕರೆ ವಿಪರೀತ. ಅದನ್ನು ಹೇಳುವ ಮೊದಲೇ ಮಾವ ಮುಖ ತೊಳೆಯಲು ಹೋದ! ದ್ರಾವಣ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಟ್ಟಿಗೆಗೆಂಪಾಯಿತು. ನಮ್ಮತ್ತೆಯ ಮುಖ ಅರಳಿತು. ಹಸಿರು ಬಳೆ, ಅರಿಷಿಣ, ಕುಂಕುಮ, ಒಂದೇ ನಳಿಗೆಯಲ್ಲಿ! ಇದಕ್ಕಿಂತ ಶುಭ ಉಂಟೇ ಎಂದು ಮೊಮ್ಮಗಳ ಕೈಗೆ ಒಂದು ಹಿಡಿ ಬೆಲ್ಲದ ಮಾದಲಿ ಹಾಕಿದರು. ಮಾವ ಬಂದವನೇ ಅದನ್ನು ಕಸಿದು ತನ್ನ ಬಾಯಿಗೆ ಹಾಕಿಕೊಂಡ.

"ಅಕ್ಕಾರ, ಅರಿಷಿಣ ಕುಂಕುಮ ಹಣಿ ಮ್ಯಾಲಿರಲ್ರಿ. ಉಚ್ಚ್ಯಾಗ ಬ್ಯಾಡ್ರಿ."

ಎರಡನೆಯ ಪಾಠ ಸೂಜಿಯದು. ಬದನೆಕಾಯಿಗಳನ್ನು ಸಾಲಾಗಿ ಮಲಗಿಸಿ 'ರೋಗಿಗಳು' ಎಂದ. ಔಷಧದ ಬದಲು ಬರೀ ನೀರು. ನಮ್ಮವರು ಮೊದಲನೆಯದಕ್ಕೇ ಬೆವರಿ ಕಣ್ಣೀರಾದರು.

"ಅಳಿಯಂದಿರ, ಬದನೇಕಾಯಿನ ಸುಮ್ನೈತಿ. ನೀವ್ಯಾಕ ಅಳಾಕತ್ತೀರಿ?"

ಅವರು ಎದ್ದು ಹೊಲಕ್ಕೆ ಹೋದರು. ಉಳಿದವಳು ನಾನು. ಹನ್ನೊಂದು ರೋಗಿಗಳು ಮುಗಿದವು. ಹನ್ನೆರಡನೆಯವಳು ಮಗಳು.

ಕುದಿಸಿದ ಸೂಜಿಯನ್ನು ಮತ್ತೊಮ್ಮೆ ಕುದಿಸಿದೆ. ಅವಳೇ ಲಂಗ ಸರಿಸಿ ತೊಡೆ ತೋರಿಸಿದಳು.

"ಯವ್ವಾ, ನಾನೂ ಬದನೇಕಾಯಿ ಅಂತ ತಿಳ್ಕೊ."

ಚುಚ್ಚಿದೆ. ಮಗಳು ಹಾ ಎನ್ನಲಿಲ್ಲ. ಇಡೀ ಪಲ್ಟನ್ನಿಗೇ ಚುಚ್ಚಿದ ನಮ್ಮ ಮಾವ ಮಾತ್ರ ಗೋಡೆಯ ಕಡೆ ತಿರುಗಿ, "ಆತೇನು?" ಎಂದು ಎರಡು ಸಲ ಕೇಳಿದ.

ಮಧ್ಯಾಹ್ನ ಜೋಳದ ರೊಟ್ಟಿ, ಮೊಸರು, ಆ ಹನ್ನೊಂದು ರೋಗಿಗಳದೇ ಎಣ್ಣೆಗಾಯಿ. ತೂತುಗಳಿಂದ ಮಸಾಲೆ ಚೆನ್ನಾಗಿ ಒಳಗಿಳಿದಿದೆ ಎಂದು ಮಾವ ನಾಲ್ಕು ತಿಂದ. ಎಲ್ಲರಿಗಿಂತ ಮೊದಲು ನಿದ್ದೆ ಹೋದವನೂ ಅವನೇ. ಧೋತರ ಮೊಣಕಾಲ ಮೇಲೆ ಸರಿದಿತ್ತು. ತೊಡೆಯ ತುಂಬ ಕೆಂಪು ಚುಕ್ಕೆಗಳು.

ಮಗಳು ನನ್ನ ಕಿವಿಯಲ್ಲಿ ಹೇಳಿದಳು. ಅಜ್ಜ ದಿನಾ ಸೂಜಿ ಮಸೆದು ಮೊದಲು ತನಗೇ ಚುಚ್ಚಿ ನೋಡುತ್ತಾನಂತೆ. ನೋವಾದರೆ ಮತ್ತೆ ಮಸೆದು, ಆಮೇಲೆ ಕುದಿಸಿ ಅವಳಿಗೆ ತರುತ್ತಾನಂತೆ. ಯಾರಿಗೂ ಹೇಳಬಾರದಂತೆ.

ಧೋತರ ಎಳೆದು ಮುಚ್ಚಿದೆ. ಮಗಳು ಅವನ ಪಕ್ಕದಲ್ಲಿ ಮಲಗಿದಳು. ನಾನು ಮಸೆಯುವ ಕಲ್ಲನ್ನು ತೊಳೆದು, ಮರಳಿನ ಗಡಿಗೆಯ ಪಕ್ಕ ಇಟ್ಟುಕೊಂಡೆ.